ಫೋಟೊ ಕೊಟ್ಟ ರೈತನಿಗೆ ಉತ್ತರವನ್ನೂ ಕೊಡಿ

"ರೈತರು ಆಸಕ್ತಿ ತೋರಿಸ್ತಿಲ್ಲ." ಬೆಳೆ ಸಮೀಕ್ಷೆ ಶುರುವಾದಾಗಲೆಲ್ಲ ಈ ಮಾತು ಕಿವಿಗೆ ಬೀಳುತ್ತದೆ. ನಾವು ಒಪ್ಪುವುದಿಲ್ಲ. ಆ್ಯಪ್ ಮಾಡಿದವರೇ ಕೆಲಸವನ್ನು ಅರ್ಧಕ್ಕೆ ಬಿಟ್ಟಿದ್ದಾರೆ.

2020ರ ಮುಂಗಾರಿನಲ್ಲಿ ರಾಜ್ಯ ಸರ್ಕಾರ ಈ ಆ್ಯಪನ್ನು ರೈತರ ಕೈಗೇ ಕೊಟ್ಟಿತು. ನಿಮ್ಮ ಹೊಲದಲ್ಲಿ ನೀವೇ ನಿಂತು ಫೋಟೊ ತೆಗೆಯಿರಿ, ಏನು ಬೆಳೆ, ಎಷ್ಟು ಜಾಗ ಎಂದು ನೀವೇ ಹಾಕಿ ಎಂದಿತು. ಆಲೋಚನೆ ಒಳ್ಳೆಯದೇ. ದಾಖಲೆಯಲ್ಲಿ ತಪ್ಪು ಬೆಳೆ ಕೂತರೆ ವಿಮೆ, ಬೆಂಬಲ ಬೆಲೆ, ಬೆಳೆಹಾನಿ ಪರಿಹಾರ ಮೂರಕ್ಕೂ ತೊಡಕು.

ಹರದನಹಳ್ಳಿ ಸುತ್ತಮುತ್ತ ಅರಿಶಿನದ ಹೊಲಗಳನ್ನೇ ನೋಡಿ. ಅರಿಶಿನದ ಜೊತೆ ಸಣ್ಣ ಈರುಳ್ಳಿ ಹಾಕುವವರಿದ್ದಾರೆ. ಈರುಳ್ಳಿ ಬೇಗ ಕಿತ್ತು ಸಂತೆಗೆ ಹೋಗುತ್ತದೆ, ಅರಿಶಿನ 8-9 ತಿಂಗಳು ನೆಲದಲ್ಲೇ ಇರುತ್ತದೆ. ತಡವಾಗಿ ಬಂದು ಫೋಟೊ ಹೊಡೆಯುವವರಿಗೆ ಈರುಳ್ಳಿ ಇತ್ತೆಂಬುದೇ ತಿಳಿಯದು. ಸರಿಯಾಗಿ ಹೇಳಬಲ್ಲವರು ಹೊಲದವರೇ.

ಹಾಗಿದ್ದೂ ಜನ ಯಾಕೆ ಹಿಂದೇಟು ಹಾಕುತ್ತಾರೆ? ಓಟಿಪಿ, ಸರ್ವೆ ನಂಬರು, ಹಿಸ್ಸಾ, ಜಿಪಿಎಸ್ಸು, ಇಷ್ಟೆಲ್ಲ ದಾಟಿ ಫೋಟೊ ಕಳಿಸುತ್ತೀರಿ. ಅದೇನಾಯಿತು ಎಂದು ನೋಡಲು 'ಬೆಳೆ ದರ್ಶಕ' ಎಂಬ ಇನ್ನೊಂದು ಆ್ಯಪ್! ತಪ್ಪಿದ್ದರೆ ಅಲ್ಲಿ ಆಕ್ಷೇಪಣೆ ಹಾಕಬಹುದು. ಆದರೆ ಅಂಥದ್ದೊಂದು ಇದೆ ಅಂತ ಮೊದಲು ಗೊತ್ತಿರಬೇಕಲ್ಲ? ಮಾಹಿತಿ ಕೊಟ್ಟವರೇ ಉತ್ತರ ಹುಡುಕಿಕೊಂಡು ಅಲೆಯಬೇಕು.

ಇದೇ ಫೋಟೊವನ್ನು ಊರಿನ ಪಿಆರ್ ಹುಡುಗ ತೆಗೆದರೆ ಪ್ಲಾಟಿಗಿಷ್ಟು ಅಂತ ಸಂಭಾವನೆ ಉಂಟು. ಕೊಡಲೇಬೇಕು, ಬಿಸಿಲಲ್ಲಿ ಬದು ಸುತ್ತುವ ಕೆಲಸ. ರೈತ ತೆಗೆದರೆ ಮಾತ್ರ 'ನಿಮ್ಮ ಹಕ್ಕು' ಎಂಬ ಭಾಷಣ.

ಬೇರೆ ದಾರಿ ಇಲ್ಲವೆಂದೇನಲ್ಲ. 'ಕಾರ್ಯ' ಎಂಬ ಸಂಸ್ಥೆ ನಮ್ಮ ರಾಜ್ಯದ ಹಳ್ಳಿಗಳಲ್ಲಿ ಕನ್ನಡ ವಾಕ್ಯಗಳನ್ನು ಫೋನಿನಲ್ಲಿ ಓದಿಸಿ ಧ್ವನಿ ಸಂಗ್ರಹಿಸಿತು. ಓದಿದವರಿಗೆ ಗಂಟೆಗೆ ಸುಮಾರು 5 ಡಾಲರ್, ಆ ಧ್ವನಿ ಮತ್ತೆ ಮಾರಾಟವಾದರೆ ಮತ್ತೆ ಹಣ ಎಂದು 2023ರಲ್ಲಿ ಟೈಮ್ ಪತ್ರಿಕೆ ಬರೆದಿತ್ತು. ಜನ ಕೂತು ಓದಿದರು. ಆಗ ಆಸಕ್ತಿ ಎಲ್ಲಿಂದ ಬಂತು?

ಸರ್ಕಾರ ಡಾಲರ್ ಕೊಡಲಿ ಎನ್ನುತ್ತಿಲ್ಲ. ಫೋಟೊ ತಲುಪಿದ ವಾರದೊಳಗೆ ಕನ್ನಡದಲ್ಲಿ ಒಂದು ಮೆಸೇಜು ಬರಲಿ: ನಿಮ್ಮ ಸರ್ವೆ ನಂಬರಿಗೆ ಈ ಬೆಳೆ ದಾಖಲಾಗಿದೆ, ತಪ್ಪಿದ್ದರೆ ಇಲ್ಲಿ ಒತ್ತಿ. ಪಿಆರ್‌ಗೆ ಕೊಡುವ ದುಡ್ಡನ್ನೇ ತಾನೇ ಫೋಟೊ ತೆಗೆದ ರೈತನ ಖಾತೆಗೂ ಹಾಕಲಿ. ಫೋನಿಲ್ಲದವರಿಗಾಗಿ ಪಟ್ಟಿಯನ್ನು ಗ್ರಾಮ ಪಂಚಾಯ್ತಿ ಗೋಡೆಗೆ ಅಂಟಿಸಲಿ.

ಅಲ್ಲಿಯವರೆಗೆ ನೀವು ರೈತ ಸಂಪರ್ಕ ಕೇಂದ್ರಕ್ಕೆ ಹೋದಾಗ ಗೊಬ್ಬರದ ಜೊತೆ ಇದನ್ನೂ ಕೇಳಿ: "ಬೆಳೆ ದರ್ಶಕದಲ್ಲಿ ನನ್ನ ಹೊಲ ತೆಗೆದು ತೋರಿಸಿ ಸಾರ್."