ಅಂಗವಿಕಲರ ನೆರವಿನ ಹಣಕ್ಕೆ ಗಡುವು ಬೇಕೆ?

ಸಿಂಗಪುರದ ಮೆಟ್ರೊ ಹಸಿರು ಮಾರ್ಗ ಪಶ್ಚಿಮದಲ್ಲಿ ಮುಗಿಯುವುದು ಟುವಾಸ್ ಲಿಂಕ್ ನಿಲ್ದಾಣದಲ್ಲಿ. ಈ ಮಾರ್ಗ ಅಲ್ಲಿಯವರೆಗೆ ಬಂದದ್ದು 2017ರ ಜೂನ್ 18ರಂದು. ನಿಲ್ದಾಣದ ಹೊರಗೆ ಕಾರ್ಖಾನೆ, ಗೋದಾಮು, ಲಾರಿಗಳ ಸಾಲು. ಇನ್ನೂ ಮುಂದೆ ಹೊಸ ಬಂದರು. ಗಾಲಿಕುರ್ಚಿಯಲ್ಲಿ ಬರುವವರಿಗೆ ನಿಲ್ದಾಣದಲ್ಲಿ ಲಿಫ್ಟ್ ಇದೆ. ಊರಿನ ಸಾರ್ವಜನಿಕ ಬಸ್ಸುಗಳೆಲ್ಲ 2020ರ ಕೊನೆಯ ಹೊತ್ತಿಗೆ ಗಾಲಿಕುರ್ಚಿ ಹತ್ತಿಸಿಕೊಳ್ಳುವಂತಾದವು. ದಾರಿಯೇನೋ ಸಿದ್ಧವಾಗಿದೆ. ದಾರಿ ಮುಗಿದ ಮೇಲೆ ಕಾರ್ಖಾನೆಯೊಳಗೆ ಅಂಗವಿಕಲ ನೌಕರನ ಪಕ್ಕ ನಿಂತು ಕೆಲಸ ಕಲಿಸುವವರ ಸಂಬಳ ಯಾರು ಕೊಡಬೇಕು, ಎಷ್ಟು ವರ್ಷ ಕೊಡಬೇಕು ಎಂಬುದು ಇನ್ನೂ ಇತ್ಯರ್ಥವಾಗಿಲ್ಲ.

ಸಿಂಗಪುರ ಸರ್ಕಾರ ಈ ವಿಷಯದಲ್ಲಿ ಕೈಕಟ್ಟಿ ಕೂತಿಲ್ಲ. ಅಂಗವಿಕಲರ ಸೇವೆಗಾಗಿಯೇ 2013ರಲ್ಲಿ ಎಸ್‌ಜಿ ಎನೇಬಲ್ ಸಂಸ್ಥೆಯನ್ನು ಕಟ್ಟಿತು. ತಿಂಗಳಿಗೆ 4,000 ಸಿಂಗಪುರ ಡಾಲರ್‌ಗಿಂತ ಕಡಿಮೆ ದುಡಿಯುವ ಅಂಗವಿಕಲ ಪ್ರಜೆಯನ್ನು ಕೆಲಸಕ್ಕಿಟ್ಟುಕೊಂಡ ಮಾಲೀಕನಿಗೆ ಸಂಬಳದ ಶೇ 20ರವರೆಗೆ, ಹೆಚ್ಚೆಂದರೆ 400 ಡಾಲರ್, ಸರ್ಕಾರ ತುಂಬಿಕೊಡುತ್ತದೆ. ಎನೇಬ್ಲಿಂಗ್ ಎಂಪ್ಲಾಯ್‌ಮೆಂಟ್ ಕ್ರೆಡಿಟ್ ಎಂಬ ಈ ಯೋಜನೆ 2021ರಲ್ಲಿ ಶುರುವಾಗಿ 2025ಕ್ಕೆ ಮುಗಿಯಬೇಕಿತ್ತು. 2025ರ ಬಜೆಟ್ ಅದನ್ನು 2028ರ ಕೊನೆಯವರೆಗೆ ಮುಂದುವರಿಸಿತು. ಹೀಗೆ ಕೆಲವು ವರ್ಷಕ್ಕೊಮ್ಮೆ ನವೀಕರಣಕ್ಕೆ ಕಾಯುವ ಹಣವನ್ನು, ಅದನ್ನು ನಂಬಿದ ಸೇವೆಯನ್ನು, ಸೇವೆ ಮಾಡುವವರ ಸಂಬಳವನ್ನು ಕಾನೂನಿನಿಂದಲೇ ಕಾಪಾಡಬೇಕೆ?

ಪರ

ಒಂದು ಪ್ಯಾಕಿಂಗ್ ಮೇಜು. ಬೌದ್ಧಿಕ ಅಂಗವೈಕಲ್ಯವಿರುವ ಯುವಕನೊಬ್ಬ ಅಲ್ಲಿ ಕೆಲಸಕ್ಕೆ ಸೇರಿದರೆ, ಪಕ್ಕ ನಿಂತು ಕೆಲಸ ಕಲಿಸುವ ಜಾಬ್ ಕೋಚ್ ಮೊದಲು ಮಾಡುವುದು ಆ ಕೆಲಸವನ್ನು ಬಿಡಿಸಿಡುವುದು: ರಟ್ಟಿನ ಪೆಟ್ಟಿಗೆ ಮಡಚು, ತಳಕ್ಕೆ ಟೇಪ್ ಹಚ್ಚು, ಎಣಿಸಿ ತುಂಬು, ಚೀಟಿ ಅಂಟಿಸು. ಒಂದೊಂದು ಹಂತಕ್ಕೂ ಒಂದು ಫೋಟೊ, ಮೇಜಿನೆದುರು ಸಾಲಾಗಿ. ಮೊದಲು ಪಕ್ಕದಲ್ಲೇ ನಿಲ್ಲುತ್ತಾರೆ. ಆಮೇಲೆ ಎರಡು ಹೆಜ್ಜೆ ಹಿಂದೆ. ಆಮೇಲೆ ಕೋಣೆಯ ಇನ್ನೊಂದು ತುದಿಗೆ. ಕೊನೆಗೆ ವಾರಕ್ಕೊಂದು ಫೋನ್. ಅಷ್ಟು ಹೊತ್ತಿಗೆ ಆ ಯುವಕನಿಗೆ ಯಾವ ಸದ್ದು ಆಗದು, ಊಟದ ಹೊತ್ತು ಬದಲಾದರೆ ಏನಾಗುತ್ತದೆ ಎಂಬುದೆಲ್ಲ ಆ ಕೋಚ್‌ಗೆ ಗೊತ್ತಿರುತ್ತದೆ. ಇದು ಕಡತದಲ್ಲಿ ಬರೆದಿಟ್ಟು ಮುಂದಿನವರಿಗೆ ದಾಟಿಸುವ ತಿಳಿವಳಿಕೆಯಲ್ಲ. ಸಂಬಳ ಸಾಲದೆ ಕೋಚ್ ಬೇರೆ ಕೆಲಸಕ್ಕೆ ಹೊರಟರೆ ಆ ಯುವಕ ಮತ್ತೆ ಮೊದಲಿನಿಂದ ಶುರು ಮಾಡಬೇಕು. ಸಿಂಗಪುರದ ರಾಷ್ಟ್ರೀಯ ಸಮಾಜ ಸೇವಾ ಮಂಡಳಿ ಈ ಕ್ಷೇತ್ರದವರಿಗೆ ಎಷ್ಟು ಸಂಬಳ ಕೊಡಬೇಕೆಂದು ಮಾರ್ಗಸೂಚಿ ಹೊರಡಿಸುತ್ತದೆ. ಅದು ಬರೀ ಮಾರ್ಗಸೂಚಿ.

ಟುವಾಸ್‌ನಲ್ಲೇ ಇನ್ನೊಂದು ಉದಾಹರಣೆ ಇದೆ. 2021ರ ಫೆಬ್ರುವರಿ 24ರಂದು ಟುವಾಸ್ ಅವೆನ್ಯೂ 11ರ ಕಾರ್ಯಾಗಾರವೊಂದರಲ್ಲಿ ಸ್ಫೋಟವಾಗಿ ಮೂವರು ಕಾರ್ಮಿಕರು ಸತ್ತರು, ಹಲವರು ಸುಟ್ಟಗಾಯಗಳಿಂದ ನರಳಿದರು. ಇಂಥ ಅವಘಡದಲ್ಲಿ ಶಾಶ್ವತ ಅಂಗವೈಕಲ್ಯ ಬಂದವರಿಗೆ ಪರಿಹಾರ ಎಷ್ಟೆಂದು ಕಾನೂನೇ ಹೇಳುತ್ತದೆ. 2025ರ ನವೆಂಬರ್ 1ರಿಂದ ಅದರ ಗರಿಷ್ಠ ಮೊತ್ತ 3.46 ಲಕ್ಷ ಸಿಂಗಪುರ ಡಾಲರ್. ಆ ವರ್ಷದ ಬಜೆಟ್ ಹೇಗಿದೆ ಎಂದು ಯಾರೂ ಕೇಳುವುದಿಲ್ಲ. ಕೈ ಹೋದ ದಿನದ ಪರಿಹಾರಕ್ಕೆ ಕಾನೂನಿನ ಖಾತ್ರಿ ಇರುವಾಗ, ಕೈಯಿಲ್ಲದೆ ಕಳೆಯಬೇಕಾದ ಮೂವತ್ತು ವರ್ಷದ ನೆರವಿಗೆ ಏಕಿಲ್ಲ?

ಪರ ವಾದ ಇಲ್ಲಿಂದ ಕರ್ನಾಟಕಕ್ಕೆ ಬರುತ್ತದೆ. ಏಕೆಂದರೆ ಟುವಾಸ್‌ನಂಥ ಕಡೆ ಗಾಯಗೊಂಡ ವಲಸೆ ಕಾರ್ಮಿಕ ಚಿಕಿತ್ಸೆ, ಪರಿಹಾರ ಮುಗಿದ ಮೇಲೆ ಮರಳುವುದು ತನ್ನೂರಿಗೆ; ಸಿಂಗಪುರದ ಸಂಬಳ ಸಹಾಯಧನ ಅಲ್ಲಿನ ಪ್ರಜೆಗಳಿಗೆ ಮಾತ್ರ. ಊರು ಕರ್ನಾಟಕದ ಹಳ್ಳಿಯಾದರೆ ಅವನ ಮನೆಗೆ ಬರುವುದು ಗ್ರಾಮೀಣ ಪುನರ್ವಸತಿ ಕಾರ್ಯಕರ್ತ, ಊರವರ ಬಾಯಲ್ಲಿ ವಿಆರ್‌ಡಬ್ಲ್ಯೂ. ಗ್ರಾಮ ಪಂಚಾಯಿತಿಗೆ ಒಬ್ಬರು. ಇವರೂ ಸಾಮಾನ್ಯವಾಗಿ ಅಂಗವಿಕಲರೇ. ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡಿಗೆ ಅರ್ಜಿ ತುಂಬುವುದು, ವೈದ್ಯಕೀಯ ಮಂಡಳಿಯ ಮುಂದೆ ಕರೆದೊಯ್ಯುವುದು, ನಿಂತುಹೋದ ಮಾಸಾಶನಕ್ಕೆ ನಾಡಕಚೇರಿ ಅಲೆಯುವುದು ಇವರ ನಿತ್ಯದ ಕೆಲಸ. ಆದರೆ ಇವರಿಗೆ ಸಿಗುವುದು ಸಂಬಳವಲ್ಲ, ಗೌರವಧನ. 6,000 ರೂಪಾಯಿ ಇದ್ದದ್ದು 9,000ಕ್ಕೆ ಏರಬೇಕಾದರೆ ಎಷ್ಟು ಮನವಿ, ಎಷ್ಟು ಧರಣಿ! ಊನವಿರುವ ಕಾಲಿನಲ್ಲೇ ಇನ್ನೊಬ್ಬರ ಹಕ್ಕಿಗಾಗಿ ಅಲೆಯುವ ಮನುಷ್ಯನಿಗೆ ತನ್ನ ಕೆಲಸ ಖಾಯಮ್ಮೋ ಅಲ್ಲವೋ ಗೊತ್ತಿಲ್ಲದಿರುವುದು ಅನ್ಯಾಯ.

ವಿರೋಧ

ಹಣವನ್ನು ಕಾನೂನಿನಲ್ಲಿ ಕಟ್ಟಿಹಾಕಬೇಡಿ ಎನ್ನುವವರು ಅಂಗವಿಕಲರ ವಿರೋಧಿಗಳಲ್ಲ. ಅವರ ಮೊದಲ ಸಾಕ್ಷಿಯೂ ಸಿಂಗಪುರದ್ದೇ. ಈಗಿನ ಯೋಜನೆಗೆ ಮುಂಚೆ ಇದ್ದ ಸ್ಪೆಷಲ್ ಎಂಪ್ಲಾಯ್‌ಮೆಂಟ್ ಕ್ರೆಡಿಟ್ ಮಾಲೀಕರಿಗೆ ಕೊಡುತ್ತಿದ್ದದ್ದು ಸಂಬಳದ ಶೇ 16ರವರೆಗೆ. ಅದಕ್ಕೆ ಅವಧಿ ಇತ್ತು. ಅವಧಿ ಮುಗಿದಾಗ ಲೆಕ್ಕ ಹಾಕಿದರು, ಶೇ 20ಕ್ಕೆ ಏರಿಸಿದರು, ಬಹುಕಾಲ ಕೆಲಸವಿಲ್ಲದೆ ಇದ್ದವರನ್ನು ಸೇರಿಸಿಕೊಂಡವರಿಗೆ ಮೊದಲ ತಿಂಗಳುಗಳಲ್ಲಿ ಇನ್ನಷ್ಟು ಕೊಟ್ಟರು. ಗಡುವು ಇದ್ದದ್ದರಿಂದಲೇ ಈ ತಿದ್ದುಪಡಿಗೆ ಸಂದರ್ಭ ಒದಗಿತು. ಶೇ 16 ಎಂದು ಕಾನೂನಿನಲ್ಲಿ ಬರೆದಿಟ್ಟಿದ್ದರೆ ಅದು ಅಲ್ಲೇ ಉಳಿಯುತ್ತಿತ್ತೇನೋ.

ಇನ್ನೊಂದು ಸಾಕ್ಷಿ ಆಸ್ಟ್ರೇಲಿಯದ ರಾಷ್ಟ್ರೀಯ ಅಂಗವೈಕಲ್ಯ ವಿಮಾ ಯೋಜನೆ. 2013ರಲ್ಲಿ ಪ್ರಾಯೋಗಿಕವಾಗಿ ಶುರುವಾದ ಈ ಯೋಜನೆಯಲ್ಲಿ ನೆರವು ಕೊಡುಗೆಯಲ್ಲ, ಅರ್ಹತೆ ಇದ್ದವರ ಹಕ್ಕು. ಹತ್ತು ವರ್ಷದಲ್ಲಿ ವೆಚ್ಚ ವರ್ಷಕ್ಕೆ 40 ಶತಕೋಟಿ ಆಸ್ಟ್ರೇಲಿಯನ್ ಡಾಲರ್ ದಾಟಿತು. 2023ರಲ್ಲಿ ಅಲ್ಲಿನ ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ವಾರ್ಷಿಕ ಏರಿಕೆಯನ್ನು ಶೇ 8ಕ್ಕೆ ಇಳಿಸುವ ಗುರಿ ಹಾಕಿಕೊಂಡವು; ಮರುವರ್ಷ ಕಾನೂನನ್ನೇ ತಿದ್ದಿದರು. ಹಕ್ಕೆಂದು ಕೊಟ್ಟದ್ದನ್ನು ಮೊಟಕು ಮಾಡುವಾಗ ಆಗುವ ನೋವು ಮೊದಲೇ ಅಳೆದು ಕೊಟ್ಟಿದ್ದರೆ ಆಗುತ್ತಿರಲಿಲ್ಲ ಎಂಬುದು ಇವರ ವಾದ. ಪ್ರತಿ ಸರ್ಕಾರವೂ ತನ್ನ ಅವಧಿಯ ಜಮಾ–ಖರ್ಚನ್ನು ಸರಿದೂಗಿಸಲೇಬೇಕೆಂಬ ಕಟ್ಟಳೆ ಇರುವ ಸಿಂಗಪುರದಲ್ಲಿ ಈ ಮಾತಿಗೆ ತೂಕ ಹೆಚ್ಚು.

ಮೀಸಲಿಟ್ಟ ಮಾತ್ರಕ್ಕೆ ಹಣ ತಲುಪುತ್ತದೆಯೇ ಎಂಬ ಪ್ರಶ್ನೆಗೆ ಅವರು ಕರ್ನಾಟಕದ ಗ್ರಾಮ ಪಂಚಾಯಿತಿಗಳನ್ನೇ ತೋರಿಸಬಹುದು. ಪಂಚಾಯಿತಿಯ ಸ್ವಂತ ಸಂಪನ್ಮೂಲದಲ್ಲಿ ಶೇ 5ರಷ್ಟನ್ನು ಅಂಗವಿಕಲರಿಗೆ ಖರ್ಚು ಮಾಡಬೇಕೆಂದಿದೆ. ಮನೆ ಕಂದಾಯವೇ ಸರಿಯಾಗಿ ವಸೂಲಾಗದ ಪಂಚಾಯಿತಿಯಲ್ಲಿ ಆ ಶೇ 5 ಎಂದರೆ ಎಷ್ಟು?

ಮಾಲೀಕರ ಮಾತೂ ಇದೆ. ಸಹಾಯಧನ ಎಂದೆಂದಿಗೂ ಇರುತ್ತದೆಂದು ಖಾತ್ರಿಯಾದರೆ ಕೆಲವರು ಅಂಗವಿಕಲರ ಸಂಬಳವನ್ನು 4,000 ಡಾಲರ್ ಗೆರೆಯ ಕೆಳಗೇ ಇಟ್ಟಾರು. ಭೇದಭಾವ ತಡೆಯಲು ಸಿಂಗಪುರದ ಸಂಸತ್ತು 2025ರ ಜನವರಿಯಲ್ಲಿ ಉದ್ಯೋಗಸ್ಥಳ ನ್ಯಾಯದ ಕಾನೂನನ್ನು ಅಂಗೀಕರಿಸಿದೆ, ಅದರಲ್ಲಿ ಅಂಗವೈಕಲ್ಯವೂ ಸೇರಿದೆ. ದಾರಿ ಅದು, ಮಾಲೀಕನ ಜೇಬು ತುಂಬುವುದಲ್ಲ ಎನ್ನುತ್ತಾರೆ ಇವರು.

ಎರಡೂ ಕಡೆಯ ಮಾತು ಕೇಳಿದ ಮೇಲೆ ಒಂದು ಗೆರೆ ಎಳೆಯಬಹುದು. ಮಾಲೀಕನಿಗೆ ಹೋಗುವ ಹಣವೇ ಬೇರೆ, ಪಕ್ಕದಲ್ಲಿ ನಿಲ್ಲುವವರಿಗೆ ಹೋಗುವ ಹಣವೇ ಬೇರೆ. ಮಾಲೀಕನ ಸಹಾಯಧನವನ್ನು ಆಗಾಗ ಅಳೆಯಲಿ, ತಿದ್ದಲಿ. ವಿರೋಧದವರು ಹೇಳುವುದು ಅಲ್ಲಿ ಸರಿ. ಆದರೆ ಜಾಬ್ ಕೋಚ್‌ನ ಸಂಬಳ, ವಿಆರ್‌ಡಬ್ಲ್ಯೂ ಕಾರ್ಯಕರ್ತೆಯ ಗೌರವಧನ ಬಜೆಟ್ ದಿನದ ಘೋಷಣೆಗೆ ಕಾಯಬಾರದು. ಶಾಲೆಯ ಮೇಷ್ಟರ ಸಂಬಳವನ್ನು ಯಾರೂ ಐದು ವರ್ಷಕ್ಕೊಮ್ಮೆ ನವೀಕರಿಸುವುದಿಲ್ಲ. ಆಸ್ಟ್ರೇಲಿಯದ ಉದಾಹರಣೆಯಿಂದ ಕಲಿಯಬೇಕಾದದ್ದು ವೆಚ್ಚದ ಮೇಲೆ ಕಣ್ಣಿಡುವುದನ್ನು; ಆರೈಕೆ ಮಾಡುವವರನ್ನು ಅತಂತ್ರದಲ್ಲಿಡುವುದನ್ನಲ್ಲ.

ಸಿಂಗಪುರದ ಎನೇಬ್ಲಿಂಗ್ ಮಾಸ್ಟರ್‌ಪ್ಲಾನ್ ದುಡಿಯುವ ವಯಸ್ಸಿನ ಅಂಗವಿಕಲರಲ್ಲಿ ಶೇ 40 ಮಂದಿಗೆ ಕೆಲಸ ಸಿಗಬೇಕೆಂದು ಗುರಿ ಇಟ್ಟಿರುವುದು 2030ಕ್ಕೆ. ಸಂಬಳ ಸಹಾಯಧನದ ಈಗಿನ ಗಡುವು ಮುಗಿಯುವುದು 2028ರ ಡಿಸೆಂಬರ್‌ನಲ್ಲಿ.