ಇಪ್ಪತ್ತೆಂಟು ದಿನಗಳ ತಿಂಗಳು!
ಚಂದ್ರನನ್ನು ನೋಡಿ ಎಣಿಸುವ ಹಿಜರಿ ತಿಂಗಳು ಕೂಡ 29 ದಿನಗಳಿಗಿಂತ ಕಿರಿದಾಗದು. ಆದರೆ ಮೊಬೈಲ್ ಕಂಪೆನಿಗಳಿಗೆ ವರ್ಷವಿಡೀ ಫೆಬ್ರವರಿ! ತಿಂಗಳ ಪ್ಯಾಕ್ ಎಂದು ನಾವು ಭಾವಿಸುವ 28 ದಿನಗಳ ಪ್ಯಾಕ್‌ನಿಂದಾಗಿ ವರ್ಷಕ್ಕೆ 12 ಅಲ್ಲ, 13 ರೀಚಾರ್ಜ್. ನಾಲ್ಕು ಮೊಬೈಲ್‌ಗಳಿರುವ ಮನೆಗೆ ನಾಲ್ಕು ರೀಚಾರ್ಜ್‌ಗಳ ಹೆಚ್ಚುವರಿ ಹೊರೆ. ಅದರ ಮೇಲೆ 2024ರ ಜುಲೈಯ ದರ ಏರಿಕೆಯ ಬರೆ.

30 ದಿನಗಳ ಒಂದು ಪ್ಲಾನಾದರೂ ಇರಬೇಕೆಂದು ದೂರಸಂಪರ್ಕ ಪ್ರಾಧಿಕಾರ ಟ್ರಾಯ್ 2022ರಲ್ಲೇ ಆದೇಶಿಸಿತ್ತು. ಇಂಟರ್‌ನೆಟ್ ಬೇಡದವರಿಗೆ ಕರೆ ಮತ್ತು ಎಸ್ಸೆಮ್ಮೆಸ್‌ಗಷ್ಟೇ ಸೀಮಿತವಾದ ಪ್ಲಾನ್ ಕೊಡಬೇಕೆಂದು 2024ರ ಡಿಸೆಂಬರ್‌ನಲ್ಲಿ ಹೇಳಿತು. ಇವುಗಳ ಬಗ್ಗೆ ಜಾಹೀರಾತು ಎಲ್ಲಿದೆ? ಕೀಪ್ಯಾಡ್ ಫೋನಿನ ಅಜ್ಜಿಯಿಂದ ಇಂಟರ್‌ನೆಟ್ಟಿನ ಹಣ ಕೀಳುವುದು ಯಾವ ವ್ಯಾಪಾರ ಧರ್ಮ?

ಅಳತೆಯಲ್ಲಿ ವಂಚಿಸುವವರ ಹೆಸರಿನಲ್ಲೇ ಕುರ್‌ಆನಿನಲ್ಲಿ ಒಂದು ಅಧ್ಯಾಯವಿದೆ. ತಕ್ಕಡಿಯಂತೆ ದಿನಗಳ ಎಣಿಕೆಯೂ ಅಳತೆಯೇ. ಆದರೆ ದುಂದುವೆಚ್ಚವನ್ನು ಖಂಡಿಸುವುದೂ ಅದೇ ಕುರ್‌ಆನ್. ಬಳಸದ ಎರಡನೇ ಸಿಮ್ ಏಕೆ? ಮನೆಯಲ್ಲಿ ಬ್ರಾಡ್‌ಬ್ಯಾಂಡ್ ಇರುವಾಗ ಎಲ್ಲರಿಗೂ ದೊಡ್ಡ ಡೇಟಾ ಪ್ಯಾಕ್ ಏಕೆ? ಹಿರಿಯರಿಗೆ ಕರೆಯ ಪ್ಲಾನ್ ಸಾಲದೇ? ಕಂಪೆನಿ ಜಗ್ಗದಿದ್ದರೆ ನಂಬರ್ ಬದಲಿಸದೆಯೇ ಬೇರೆ ಕಂಪೆನಿಗೆ ಹೋಗುವ ಹಕ್ಕು 2011ರಿಂದ ನಮ್ಮ ಕೈಯಲ್ಲಿದೆ. ಅವರು ಮಾರುವುದನ್ನಲ್ಲ, ನಮಗೆ ಬೇಕಾದುದನ್ನು ಕೊಳ್ಳೋಣ.