ಕೊಡದ ಧ್ವನಿಯೂ ಕದ್ದ ಮಾಲೇ

ಯಂತ್ರವು ನುಡಿದರೆ ಕಳ್ಳತನವೆಲ್ಲಿಯದು ಎಂದು ಕೆಲವರು ವಾದಿಸುತ್ತಾರೆ. ಈ ವಾದ ನಿಲ್ಲದು. ಕಂಠವೇ ಕಲಾವಿದನ ಬಂಡವಾಳ. ಕೊಡದುದನ್ನು ತೆಗೆದುಕೊಳ್ಳುವುದು ಅದತ್ತಾದಾನ.

2020ರಲ್ಲಿ ದಿವಂಗತರಾದ, ಕನ್ನಡಿಗರಿಗೂ ಪ್ರಿಯರಾದ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ಕಂಠವನ್ನು ‘ಕೀಡಾ ಕೋಲಾ’ ಎಂಬ ತೆಲುಗು ಚಿತ್ರಕ್ಕಾಗಿ ಅನುಮತಿಯಿಲ್ಲದೆ ಕೃತಕ ಬುದ್ಧಿಮತ್ತೆಯಿಂದ ಸೃಷ್ಟಿಸಲಾಗಿದೆಯೆಂದು ಆಕ್ಷೇಪಿಸಿ ಕುಟುಂಬದವರು 2024ರಲ್ಲಿ ನೋಟೀಸು ನೀಡಿದರು. ಅದೇ ವರ್ಷ ‘ಲಾಲ್ ಸಲಾಂ’ ಚಿತ್ರದ ಹಾಡಿಗೆ ಇಬ್ಬರು ದಿವಂಗತ ಗಾಯಕರ ಧ್ವನಿಯನ್ನು ಬಳಸಿದ ಎ.ಆರ್. ರೆಹಮಾನ್, ಅವರ ಕುಟುಂಬಗಳ ಒಪ್ಪಿಗೆ ಪಡೆದು ಸಂಭಾವನೆ ಕೊಟ್ಟುದಾಗಿ ತಿಳಿಸಿದರು.

ಆದರೆ ಒಪ್ಪಿಗೆಯೊಂದೇ ಸಾಲದು. ತತ್ತ್ವಾರ್ಥಸೂತ್ರವು ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ಪ್ರತಿರೂಪಕ ವ್ಯವಹಾರವನ್ನೂ ಎಣಿಸಿದೆ. ನಕಲನ್ನು ಅಸಲೆಂದು ಮಾರುವುದೇ ಅದು. ಕದ್ದ ಮಾಲನ್ನು ಕೊಳ್ಳುವವನೂ ಅಲ್ಲಿ ದೋಷಿಯೇ. ಅಗ್ಗವೆಂದು ಅಂಗಡಿಯ ಜಾಹೀರಾತಿಗೆ ಇಂತಹ ಧ್ವನಿಯನ್ನು ಕೊಳ್ಳುವ ವರ್ತಕನು ಇದನ್ನು ಮರೆಯಬಾರದು.

ಬಸದಿಗಳ ಟ್ರಸ್ಟುಗಳಿಗೂ ಇದೇ ಮಾತು. ಸಮಾಧಿ ಹೊಂದಿದ ಮುನಿಗಳ ಕಂಠದಿಂದ ಅವರಾಡದ ಪ್ರವಚನವನ್ನು ಹೊರಡಿಸುವುದು ಭಕ್ತಿಯಲ್ಲ. ಸರ್ವಸಂಗ ಪರಿತ್ಯಾಗಿಗೆ ವಾರಸುದಾರರಿಲ್ಲ, ಒಪ್ಪಿಗೆ ಕೊಡುವವರಾರು? ಇದ್ದ ಧ್ವನಿಮುದ್ರಿಕೆಯನ್ನೇ ಕೇಳಿಸಿರಿ. ಹೊಸದು ಬೇಕೆಂದರೆ ಬದುಕಿರುವ ಕಲಾವಿದನ ಲಿಖಿತ ಒಪ್ಪಿಗೆ, ನ್ಯಾಯವಾದ ಸಂಭಾವನೆ, ‘ಇದು ಯಂತ್ರಧ್ವನಿ’ ಎಂಬ ಘೋಷಣೆ, ಈ ಮೂರೂ ಇರಲಿ. ಒಪ್ಪಿಗೆ ತಪ್ಪಿದರೆ ವ್ರತಭಂಗ, ಘೋಷಣೆ ತಪ್ಪಿದರೆ ಅತಿಚಾರ. ಶ್ರಾವಕನಿಗೆ ಇವೆರಡರಲ್ಲಿಯೂ ಲಾಭವಿಲ್ಲ.